ಹೋದ ಹಲ್ಲಿನ ಜಾಗಕ್ಕ ಏನು ಹಾಕಿಸಬೇಕು?

ಈ ಸಲ ತೊಗರಿ ಸುದ್ದಿ ಬಿಟ್ಟು ಹಲ್ಲಿನ ಬಗ್ಗೆ ಬರೀತೀನಿ. ಆಳಂದ ಇರಲಿ, ಅಫಜಲಪುರ, ಜೇವರ್ಗಿ ಇರಲಿ, ಕಟ್ಟಿ ಮ್ಯಾಲ ಕೂತ ಹಿರಿಯರನ್ನ ಕೇಳಿ ನೋಡ್ರಿ. ಕಡಕ್ ರೊಟ್ಟಿ ಸಾರಿನ್ಯಾಗ ನೆನಸಿ ತಿನ್ನೋರು, ಕಬ್ಬು ಕಂಡ್ರ ಮುಖ ತಿರುಗಿಸೋರು ಎಷ್ಟು ಮಂದಿ! ನೋವು ತಡೀಲಾರದೆ ಹಲ್ಲು ಕೀಳಿಸಿ ಬರ್ತೀವಿ, ಆ ಜಾಗದ ಮಾತು ಅಲ್ಲಿಗೇ ಮುಗೀತದ.

ನನ್ನ ಎಡಗಡಿ ಕೆಳಗಿನ ದೊಡ್ಡ ದವಡಿ ಹಲ್ಲು ಹೋಗಿ ಐದು ತಿಂಗಳಾತು. ಹಂಗೇ ಬಿಟ್ರ ಪಕ್ಕದ ಹಲ್ಲು ಆ ಖಾಲಿ ಜಾಗಕ್ಕ ವಾಲ್ತಾವ, ಮ್ಯಾಲಿನ ಹಲ್ಲು ಕೆಳಗ ಇಳೀತದ. ತೀರ ಕೊನೆಯ ದವಡಿ ಹಲ್ಲು ಹೋಗಿದ್ರ ಮಾತ್ರ ಬ್ಯಾರೆ, ಬಹಳ ಮಂದಿಗೆ ಅಲ್ಲಿ ಏನೂ ಹಾಕಿಸದೇ ನಡೀತದ. ಮೂರು ಕಡಿ ತೋರಿಸಿದೆ, ಮೂರೂ ಕಡಿ ಮೊದಲು ಹೇಳಿದ್ದು ರೇಟು. ಈಗ ನನ್ನ ಯಾರು ಕೇಳಿದ್ರೂ ಹೇಳ್ತೀನಿ: ಪಕ್ಕದ ಹಲ್ಲು ಹೆಂಗವ ಅಂತ ಮೊದಲು ಕೇಳ್ರಿ, ರೇಟು ಆಮ್ಯಾಲ.

ಯಾಕಂದ್ರ ಬ್ರಿಡ್ಜ್ ಅನ್ನೋದು ಪಕ್ಕದ ಹಲ್ಲಿನ ಮ್ಯಾಲೇ ನಿಂತದ. ಆ ಕಡಿ ಈ ಕಡಿ ಎರಡೂ ಹಲ್ಲು ಉಜ್ಜಿ ಸಣ್ಣ ಮಾಡಿ, ಮೂರು ಹಲ್ಲಿನ ಕ್ಯಾಪ್ ಒಂದೇ ಮಾಡಿ ಕೂಡಿಸ್ತಾರ. ಎರಡು-ಮೂರು ಸಲ ಹೋಗಿ ಬಂದ್ರ ಕೆಲಸ ಮುಗೀತು, ತೆಗೆದು ಹಾಕೋ ಕಾಟ ಇಲ್ಲ, ರೊಟ್ಟಿಗೂ ಅಡ್ಡಿ ಇಲ್ಲ. ಆ ಎರಡು ಹಲ್ಲು ಮೊದಲೇ ಹುಳುಕು ಹತ್ತಿ ಕ್ಯಾಪ್ ಬೇಕಾಗಿದ್ರ ಬ್ರಿಡ್ಜೇ ಸರಿ. ನನ್ನವು ಎರಡೂ ಗಟ್ಟಿ ಅವ. ಹೋದ ಒಂದರ ಸಲುವಾಗಿ ಛಲೋ ಇದ್ದ ಎರಡು ಹಲ್ಲು ಉಜ್ಜಿಸಾಕ ನನ್ನ ಮನಸ್ಸು ಒಪ್ಪಲಿಲ್ಲ. ಉಜ್ಜಿದ ಹಲ್ಲು ಮತ್ತ ಬೆಳಿಯೋದಿಲ್ಲ. ಮುಂದ ಕ್ಯಾಪಿನ ಬುಡಕ್ಕ ಹುಳುಕು ಹತ್ತಿದ್ರ ಇಡೀ ಬ್ರಿಡ್ಜೇ ತೆಗೀಬೇಕಾಗ್ತದ.

ಇಂಪ್ಲಾಂಟ್ ಪಕ್ಕದ ಹಲ್ಲು ಮುಟ್ಟೋದಿಲ್ಲ. ದವಡಿ ಎಲುಬಿನ್ಯಾಗ ಟೈಟಾನಿಯಂ ಸ್ಕ್ರೂ ಕೂಡಿಸಿ, ಎಲುಬು ಅದನ್ನ ಹಿಡಕೊಳ್ಳಲಿ ಅಂತ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಮ್ಯಾಲ ಕ್ಯಾಪ್ ಹಾಕ್ತಾರ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಅನ್ನೋ ವಿಜ್ಞಾನಿ 1965ರಾಗೇ ಮನುಷ್ಯರ ಬಾಯಿಗೆ ಹಾಕಿದ್ದು, ಹೊಸ ಪ್ರಯೋಗ ಏನಲ್ಲ. ನನಗ ಹೇಳಿದ ರೇಟು 28,000. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,000 ಹಿಡಿದ್ರ ಮೂರೂವರೆ ಕ್ವಿಂಟಲ್ ಆತು. ಮಳಿ ಕೈಕೊಟ್ಟ ವರ್ಷ ನಮ್ಮ ಹೊಲದಾಗ ಎಕರೆಗೆ ಅಷ್ಟು ರಾಶಿ ಆಗೋದಿಲ್ಲ! ಅದೂ ಅಲ್ಲದೆ ಶುಗರ್ ಹತೋಟಿಯಾಗ ಇಲ್ಲದವರಿಗೆ, ಬೀಡಿ ಸೇದೋರಿಗೆ ಸ್ಕ್ರೂ ಕೈಕೊಡೋ ಸಂಭವ ಜಾಸ್ತಿ. ಹಲ್ಲು ಹೋಗಿ ಬಹಳ ವರ್ಷ ಆಗಿ ಎಲುಬು ಸವೆದಿದ್ರ ಎಲುಬಿನ ಪುಡಿ ತುಂಬಬೇಕಾಗಬಹುದು, ಅದರ ರೊಕ್ಕ ಬ್ಯಾರೆ. ಮೊದಲೇ ಕೇಳಿ ಬರೆಸ್ಕೊಳ್ರಿ.

ಕಮ್ಮಿ ಖರ್ಚಿಂದು ತೆಗೆದು ಹಾಕೋ ಹಲ್ಲು. ಮಲಗೋವಾಗ ತೆಗೆದು ತಣ್ಣೀರಿನ್ಯಾಗ ಇಡಬೇಕು. ಕುದಿಯೋ ನೀರು ಹಾಕಿದ್ರ ಸೊಟ್ಟ ಆಗ್ತದ. ಒಂದೇ ಹಲ್ಲಿನ ಸಣ್ಣ ಪ್ಲೇಟು ಇದ್ರಂತೂ ಮರೀಬ್ಯಾಡ್ರಿ, ನಿದ್ದಿಗಣ್ಣಾಗ ನುಂಗಿದವರಿದ್ದಾರ.

ಅವ್ವನ ಲೆಕ್ಕ ಬ್ಯಾರೆ. ಆಕಿಗೆ ಒಂದೂ ಹಲ್ಲಿಲ್ಲ, ಪೂರಾ ಸೆಟ್ಟು. ಸೆಟ್ಟಿನ ಕಚ್ಚೋ ತಾಕತ್ತು ಸ್ವಂತ ಹಲ್ಲಿನ ಸುಮಾರು ಕಾಲು ಭಾಗ ಅಷ್ಟೇ, ಅದಕ್ಕ ಆಕಿಗೆ ಬಿಸಿ ಮೆತ್ತನ ರೊಟ್ಟಿನೇ. ವಸಡಿನ ಕೆಳಗಿನ ಎಲುಬು ಸವೆದಂಗ ಕೆಳಗಿನ ಸೆಟ್ಟು ಸಡಿಲ ಆಗ್ತದ. ಹೊಸಾದು ಮಾಡಿಸೋ ಮೊದಲು, ಒಳಗ ಲೈನಿಂಗ್ ಕೊಟ್ಟು ಬಿಗಿ ಮಾಡಾಕ ಬರ್ತದೇನು ಅಂತ ಕೇಳ್ರಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಸೆಟ್ಟು ಕೊಡಾಕ ಸರ್ಕಾರ ದಂತಭಾಗ್ಯ ಯೋಜನೆ ತಂದದ, ತಾಲೂಕು ಆಸ್ಪತ್ರೆ ಹಲ್ಲಿನ ಡಾಕ್ಟ್ರನ್ನ ವಿಚಾರಿಸ್ರಿ. ಕಲಬುರಗಿಯಾಗ ಎಸ್. ನಿಜಲಿಂಗಪ್ಪ ಮತ್ತು ಅಲ್-ಬದರ್ ಅಂತ ಎರಡು ಡೆಂಟಲ್ ಕಾಲೇಜು ಅವ. ಕಾಲೇಜಿನ್ಯಾಗ ಕಲಿಯೋ ಹುಡುಗರು ಮಾಡ್ತಾರ, ಪ್ರೊಫೆಸರ್ ನೋಡ್ತಾರ. ಓಡಾಟ ಜಾಸ್ತಿ. ಬಸ್ ಚಾರ್ಜೂ ಲೆಕ್ಕಕ್ಕ ಹಿಡೀರಿ.

ನಾನು ಈಗ ತೆಗೆದು ಹಾಕೋ ಹಲ್ಲೇ ಮಾಡಿಸೀನಿ, ಪಕ್ಕದ ಹಲ್ಲು ವಾಲಬಾರದು ಅಂತ. ರಾಶಿ ಆಗಿ ಸಾಲ ತೀರಿ ಉಳಿದ್ರ ಇಂಪ್ಲಾಂಟ್. ಶುಗರ್ ಅಷ್ಟರಾಗ ಇಳಿಸಿಕೊಂಡು ಬಾ ಅಂದಾರ ಡಾಕ್ಟ್ರು. ಇಂಪ್ಲಾಂಟ್ ಹಾಕಿಸಿ ಐದಾರು ವರ್ಷ ಆದವರು ನಿಮ್ಮ ಊರಾಗ ಇದ್ರ, ಕಡಕ್ ರೊಟ್ಟಿ ನಡೀತದೋ ಇಲ್ಲೋ ಕೇಳಿ ತಿಳಿಸ್ರಿ.