ಬಾನೆಟ್ ಬೆಚ್ಚಗಿದ್ದ ಬೆಳಗು

ಬೆಳಗಿನ ಏಳಕ್ಕೆ ಲಿಂಗಸುಗೂರು ಇನ್ನೂ ಅಂಗಳ ಗುಡಿಸುತ್ತಿದೆ. ಸಿಂಧನೂರಿನಿಂದ ಬೈಕಿನಲ್ಲಿ ಬಂದ ನಿಮ್ಮ ಮೈಮೇಲೆ ಐವತ್ತು ಚಿಲ್ಲರೆ ಕಿಲೋಮೀಟರಿನ ಧೂಳು. ಹಿಂದೆ ಕೂತವನು ಅಕ್ಕನ ಮಗ. ಟ್ರ್ಯಾಕ್ಟರ್ ವೈರಿಂಗಿನಲ್ಲಿ ಕೈ ಪಳಗಿಸಿ ಈಗ ಸ್ಕ್ಯಾನರ್ ಹಿಡಿದವನು. ಗೇಟು ತೆರೆದೇ ಇದೆ. ಬೇವಿನ ಮರದಡಿ ಬಿಳಿ ಕ್ಯಾಮ್ರಿ ಹೈಬ್ರಿಡ್, 2016ರದ್ದು, ಬೆಂಗಳೂರಿನ ನಂಬರು. ಈಗಷ್ಟೇ ತೊಳೆದಿದ್ದಾರೆ, ಗಾಲಿಯ ಕೆಳಗೆ ಎರೆಮಣ್ಣು ಕೆಸರಾಗಿದೆ.

“ಬರ್ರಿ, ಬರ್ರಿ. ಮದ್ಲ ಚಾ ಆಗ್ಲಿ,” ಅನ್ನುತ್ತಾರೆ ಗಾಡಿ ಮಾರಲಿರುವ ಸಾಹುಕಾರರು.

ಹುಡುಗ ಚಹಾದ ಕಡೆ ತಿರುಗುವುದಿಲ್ಲ. ನೆಟ್ಟಗೆ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟು ನಿಮ್ಮ ಮುಖ ನೋಡುತ್ತಾನೆ. ನೀವೂ ಮುಟ್ಟುತ್ತೀರಿ. ಬೆಚ್ಚಗಿದೆ.

ಸಾಹುಕಾರರು ಬ್ರೇಕ್ ತುಳಿದು ಗುಂಡಿ ಒತ್ತುತ್ತಾರೆ. ಡ್ಯಾಶಿನಲ್ಲಿ ‘ರೆಡಿ’ ಎಂಬ ಹಸಿರು ಅಕ್ಷರ. ಅಷ್ಟೇ. ಬೇವಿನಲ್ಲಿ ಕೂತ ಗುಬ್ಬಿ ಕೂಡ ಹಾರುವುದಿಲ್ಲ. “ಚಾಲೂ ಆಗೈತ್ರಿ! ಗೊತ್ತಾತೇನ್ ನಿಮಗ?”

“ಮಾಮಾ,” ಹುಡುಗ ಕಿವಿಯಲ್ಲಿ ಉಸುರುತ್ತಾನೆ, “ತಣ್ಣಗಿದ್ದ ಗಾಡಿ ಆದ್ರ ಎಂಜಿನ್ ಒಂದ್ಸಲ ತಾನ ಎದ್ದು ಕಾವೇರಿಸ್ಕೋಬೇಕು. ಇದನ್ನ ಹೊತ್ತು ಹುಟ್ಟೂಕಿಂತ ಮದ್ಲ ಓಡಿಸ್ಯಾರ.”

ಬೇರೆ ಕಾರುಗಳಲ್ಲಿ ಸದ್ದು ಕೇಳಿ ರೋಗ ಕಂಡುಹಿಡಿಯುತ್ತೀರಿ. ಇದರಲ್ಲಿ ಸದ್ದಿಲ್ಲದಿರುವುದೇ ಅನುಮಾನ. “ಸಾಹುಕಾರ್ರ, ಎರಡ್ ತಾಸು ತಣ್ಣಗಾಗ್ಲಿ. ಅಲ್ಲೀತನ ಕಾಗದ ನೋಡೂಣು,” ಅನ್ನುತ್ತೀರಿ. ಅವರ ನಗು ಸ್ವಲ್ಪ ಸಣ್ಣದಾಗುತ್ತದೆ, ಆದರೂ ಕುರ್ಚಿ ತರಿಸುತ್ತಾರೆ.

ಕಾಗದ ಬರುತ್ತದೆ. ಆರ್‌ಸಿಯಲ್ಲಿ ಸಾಹುಕಾರರ ಹೆಸರಿಲ್ಲ. ಬೆಂಗಳೂರಿನ ಮೊದಲ ಮಾಲೀಕರದ್ದೇ ಇದೆ. ಜೊತೆಗೆ 29 ಮತ್ತು 30ನೇ ನಮೂನೆಗಳು, ಕೆಳಗೆ ಸಹಿ, ಉಳಿದದ್ದೆಲ್ಲ ಖಾಲಿ. ಮೂರು ವರ್ಷ ಓಡಿಸಿಯೂ ಹೆಸರು ಹಚ್ಚಿಸಿಕೊಂಡಿಲ್ಲ. “ಹೆಸರಾಗ ಏನೈತ್ರಿ, ಗಾಡಿ ನೋಡ್ರಿ.” ಒಂದು ಸಮಾಧಾನವೆಂದರೆ ಆಜೀವ ತೆರಿಗೆ ಕರ್ನಾಟಕದಲ್ಲೇ ಕಟ್ಟಿದ್ದು. ನಮ್ಮ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿಯ ಗಾಡಿ ಅಗ್ಗವಾಗಿಯೂ ಕಾಣುತ್ತದೆ. ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟುವಾಗ ಆ ಅಗ್ಗ ಎಲ್ಲಿ ಹೋಯಿತೆಂದು ಹುಡುಕಬೇಕು.

ಈ ಕಾರು ಕಟ್ಟಿದ್ದು ಬಿಡದಿಯಲ್ಲಿ. 2013ರಲ್ಲಿ ಅಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. ಹೊಸದರ ಬೆಲೆ ಮೂವತ್ತು ಲಕ್ಷ ದಾಟಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 28ರ ಮೇಲೆ 15 ಸೆಸ್ ಸೇರಿ ತೆರಿಗೆಯೇ ಶೇಕಡಾ 43 ಆಯಿತು. ಇವತ್ತು ಸಾಹುಕಾರರು ಹೇಳುತ್ತಿರುವುದು ಹನ್ನೊಂದು ಲಕ್ಷ.

ಒಂಬತ್ತೂಕಾಲು. ಬಿಸಿಲು ಗೋಡೆ ಇಳಿದಿದೆ. ಈ ಸಲ ಗುಂಡಿ ನೀವೇ ಒತ್ತುತ್ತೀರಿ. ಹಸಿರು ಅಕ್ಷರ, ಮೌನ, ಒಂದೆರಡು ಉಸಿರು, ಆಮೇಲೆ ಎಂಜಿನ್ ತಾನಾಗಿ ಏಳುತ್ತದೆ. ಹೊಗೆಯಿಲ್ಲ, ಕಟಕಟವಿಲ್ಲ. ಹುಡುಗ ಮೊದಲ ಬಾರಿ ಚಹಾ ಕೇಳುತ್ತಾನೆ.

ಮಸ್ಕಿಯವರೆಗೆ ಓಡಿಸಿ ನೋಡುವುದೆಂದು ಮಾತಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 150ಎ. ಸಾಹುಕಾರರು ಪಕ್ಕದಲ್ಲಿ, ಹುಡುಗ ಹಿಂದೆ, ಅವನ ತೊಡೆಯ ಮೇಲೆ ಟ್ಯಾಬ್. ಹಿಂದಿನ ಸೀಟಿನ ಬೆನ್ನಿಗೇ ಇದೆ ಈ ಗಾಡಿಯ ಜೀವ: 34 ತುಂಡುಗಳ ನಿಕ್ಕಲ್ ಬ್ಯಾಟರಿ, ಒಟ್ಟು 244.8 ವೋಲ್ಟ್. ಸ್ಕ್ಯಾನರ್ ಅದನ್ನು ಎರಡೆರಡಾಗಿ ಸೇರಿಸಿ 17 ಕಡ್ಡಿಗಳಾಗಿ ತೋರಿಸುತ್ತದೆ. “ಮಾಮಾ, ಜೋರ್ ಒತ್ತು.” ಒತ್ತುತ್ತೀರಿ. ಹದಿನೇಳೂ ಒಟ್ಟಿಗೆ ಕುಗ್ಗುತ್ತವೆ. “ಈಗ ಕಾಲ್ ತೆಗಿ, ಮೆಲ್ಲಕ ಬ್ರೇಕ್.” ಗಾಲಿಯ ಓಟ ಕರೆಂಟಾಗಿ ಹಿಂದಕ್ಕೆ ಹರಿಯುತ್ತದೆ, ಹದಿನೇಳೂ ಒಟ್ಟಿಗೆ ಏರುತ್ತವೆ. ಒಂದು ಹಿಂದೆ ಬಿದ್ದರೂ ಕುಂಟೆತ್ತು ಕಟ್ಟಿದ ಬಂಡಿಯೇ. ಆರನೆಯದು ಕೂದಲೆಳೆ ತಡವಾಗುತ್ತದೆ. ಹುಡುಗ ಮಾತಾಡುವುದಿಲ್ಲ, ಬರೆದುಕೊಳ್ಳುತ್ತಾನೆ.

ಹಂಪ್ ಬಂದಾಗಲೆಲ್ಲ ನೀವು ಉಸಿರು ಹಿಡಿಯುತ್ತೀರಿ. ಊರೂರಿಗೆ ತಮ್ಮದೇ ಅಳತೆಯ ಹಂಪು, ಹೊಟ್ಟೆ ತಗ್ಗಿದ ಗಾಡಿ. ಮೂರನೆಯದಕ್ಕೆ ಕೆಳಗೆ ಕರ್‍ರ್ ಅನ್ನುತ್ತದೆ. ಸಾಹುಕಾರರು ಕಿಟಕಿಯಾಚೆಯ ಹೊಲ ನೋಡುತ್ತಾರೆ.

ಮಸ್ಕಿಯ ಬೆಟ್ಟ ಕಾಣುತ್ತದೆ. ಅದರ ಮೈಮೇಲೆ ಅಶೋಕನ ಶಾಸನ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಕಲ್ಲು. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲಿ ಇದ್ದದ್ದು ‘ದೇವಾನಾಂಪ್ರಿಯ’ ಎಂಬ ಬಿರುದು. ಅದು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಹೆಸರಾಗ ಏನೈತ್ರಿ ಅಂದವರನ್ನು ಇದರ ಮುಂದೆಯೇ ಕೂರಿಸಿ ವ್ಯವಹಾರ ಮಾಡಬೇಕೆನಿಸುತ್ತದೆ. ಕೂರಿಸುವುದು ಮಾತ್ರ ರಸ್ತೆ ಬದಿಯ ಹೋಟೆಲಿನಲ್ಲಿ, ಮಂಡಾಳ ಒಗ್ಗರಣಿ, ಮಿರ್ಚಿಯ ಮುಂದೆ.

ಹುಡುಗ ಒಳಗೆ ಬಂದಿಲ್ಲ. ಹಿಂದಿನ ಬಾಗಿಲು ತೆರೆದು, ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಬಿಚ್ಚುತ್ತಿದ್ದಾನೆ. ಬಂದವನು ಮುಷ್ಟಿ ಬಿಚ್ಚಿ ತಟ್ಟೆಯ ಪಕ್ಕದಲ್ಲಿ ಒಂದು ಉಂಡೆ ಇಡುತ್ತಾನೆ: ಹತ್ತಿಯ ಎಳೆ, ಕರಿಧೂಳು, ನಾಯಿಯದೋ ಬೆಕ್ಕಿನದೋ ಕೂದಲು. “ಉಸಿರು ಕಟ್ಟಿತ್ತು ಇದಕ. ಆರನೇದು ಅದಕ್ಕ ಕಾದೈತಿ.” ಈ ಬ್ಯಾಟರಿ ತಣ್ಣಗಾಗುವುದು ನಿಮ್ಮ ಜೊತೆ ಒಳಗಿನ ಏಸಿಯ ಗಾಳಿ ಹಂಚಿಕೊಂಡು. ಕಿಟಕಿ ಇಳಿಸಿಕೊಂಡು ಎರೆನಾಡಿನಲ್ಲಿ ಓಡಿಸಿದರೆ ಅದು ಕುಡಿಯುವುದು ಧೂಳನ್ನೇ.

ಸಾಹುಕಾರರು ಉಂಡೆಯನ್ನು ನೋಡುತ್ತಾರೆ, ಮಿರ್ಚಿಯನ್ನು ನೋಡುತ್ತಾರೆ. ಹನ್ನೊಂದು ಹತ್ತಾಗುತ್ತದೆ. ಎರಡನೇ ಚಹಾದ ಹೊತ್ತಿಗೆ ಒಂಬತ್ತೂವರೆ. ಹೆಸರು ವರ್ಗಾವಣೆ ಆದ ಮೇಲೆಯೇ ಪೂರ್ತಿ ದುಡ್ಡು.

ಜುಲೈಗೆ ಆರ್‌ಸಿ ಕೈಗೆ ಬರುತ್ತದೆ. ಸಿಂಧನೂರಿನಲ್ಲಿ ಈ ಗಾಡಿಯ ನಿಜವಾದ ಸುಖ ಹೆದ್ದಾರಿಯಲ್ಲಲ್ಲ. ಅಲ್ಲಿ ಎಂಜಿನ್ ಬಹುಪಾಲು ಓಡುತ್ತಲೇ ಇರುತ್ತದೆ. ಕುಷ್ಟಗಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರಿನ ಹಿಂದೆ ಆಮೆಯಂತೆ ಸರಿಯುವಾಗ ಎಂಜಿನ್ ಮಲಗಿರುತ್ತದೆ, ಏಸಿ ಮಾತ್ರ ನಡೆಯುತ್ತಿರುತ್ತದೆ, ಪೆಟ್ರೋಲ್ ಮುಳ್ಳು ಅಲುಗುವುದಿಲ್ಲ. ಕಂಪನಿ ಹೇಳಿದ್ದು ಲೀಟರಿಗೆ 19.16. ನಿಮ್ಮ ನೋಟ್‌ಬುಕ್ಕಿನಲ್ಲಿ 14, ಒಮ್ಮೊಮ್ಮೆ 15. ಡಿಕ್ಕಿಯ ಒಂದಷ್ಟು ಜಾಗ ಬ್ಯಾಟರಿ ನುಂಗಿದೆ. ಅಕ್ಕಿ ಮೂಟೆ ಅಡ್ಡ ಹಾಕಬೇಕು. ಓಣಿಯಲ್ಲಿ ಸದ್ದಿಲ್ಲದೆ ಬಂದಾಗ ಕಟ್ಟೆಯ ಮೇಲಿನ ಅಜ್ಜಿ ಬೈಯುತ್ತಾಳೆ: “ಬೆಕ್ಕು ಬಂದಂಗ ಬರ್ತೀಯಲ್ಲೋ, ಹಾರ್ನರ ಹೊಡಿ!”

ಡಿಸೆಂಬರಿನಲ್ಲಿ ಕೊಯ್ಲು ಮುಗಿದು ಊರ ತುಂಬ ಹೊಟ್ಟಿನ ಧೂಳು ಹಾರುತ್ತಿರುವಾಗ ಹುಡುಗ ಬ್ಲೋವರ್ ಹಿಡಿದು ಬರುತ್ತಾನೆ. ಜಾಲರಿ ಬಿಚ್ಚಿ, ಹಳೆಯ ಪೇಪರಿನ ಮೇಲೆ ತಟ್ಟುತ್ತಾನೆ. ಈ ಸಲ ಹತ್ತಿಯ ಎಳೆ ಇಲ್ಲ. ಬಂಗಾರದ ಬಣ್ಣದ ಸಣ್ಣ ಸಣ್ಣ ಚೂರುಗಳು. ಬೆರಳಿಗೆ ಹಚ್ಚಿ ಮೂಸಿದರೆ ಭತ್ತದ ವಾಸನೆ.

“ಈಗ ಸಿಂಧನೂರಿಂದಾತು ನೋಡು ಮಾಮಾ ಗಾಡಿ,” ಅನ್ನುತ್ತಾನೆ, ಪೇಪರು ಮಡಚುತ್ತ.