ಕಣ್ಣಳತೆಯ ದೋಣಿಗಳು

ವೆಸ್ಟ್ ಇಂಡೀಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇವತ್ತಿಗೂ ಕ್ರಿಕೆಟ್ಟೇ. ನನಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು ಕ್ಯಾರಿಯಾಕೂ, ಗ್ರೆನಡಾಕ್ಕೆ ಸೇರಿದ ಸುಮಾರು 34 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಅದನ್ನು ಮನಸ್ಸಿಗೆ ಹಚ್ಚಿದ್ದು ಅಲೆಕ್ಸಿಸ್ ಆಂಡ್ರ್ಯೂಸ್ ಅವರ 2015ರ ಸಾಕ್ಷ್ಯಚಿತ್ರ ‘ವ್ಯಾನಿಶಿಂಗ್ ಸೇಲ್’.

ದ್ವೀಪದ ವಿಂಡ್‌ವರ್ಡ್ ಹಳ್ಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಸ್ಕಾಟಿಷ್ ಕುಶಲಕರ್ಮಿಗಳಿಂದ ಬೇರೂರಿದ ಕಸುಬು ಹಾಯಿದೋಣಿ ಕಟ್ಟುವುದು. ಆ ಸಾಲಿನ ಕೊನೆಯವರಲ್ಲಿ ಒಬ್ಬರು ಆಲ್ವಿನ್ ಈನೋ. ಚಿತ್ರದಲ್ಲಿ, ವಯಸ್ಸು ಎಪ್ಪತ್ತರ ಹೊಸ್ತಿಲಲ್ಲಿರುವಾಗ, ದೋಣಿ ಕೇಳಿಕೊಂಡು ಬರುವವರೇ ಇಲ್ಲದ ಹೊತ್ತಿನಲ್ಲಿ, ಅವರು ಮಕ್ಕಳನ್ನು ಜೊತೆಗಿಟ್ಟುಕೊಂಡು ಕಡೆಯದೊಂದು ದೋಣಿಗೆ ಕೈ ಹಾಕುತ್ತಾರೆ.

ನಕ್ಷೆಯಿಲ್ಲ, ಎಲ್ಲವೂ ಕಣ್ಣಳತೆ. ಬಿಳಿ ಸೀಡರ್ ಮರ ಬೇಕು, ಆದರೆ ನೆಟ್ಟಗೆ ಬೆಳೆದದ್ದಲ್ಲ. ಸೊಟ್ಟಗೆ ಬಾಗಿದ ಕಾಂಡವನ್ನೇ ಹುಡುಕಬೇಕು, ಏಕೆಂದರೆ ಆ ಬಾಗೇ ದೋಣಿಯ ಪಕ್ಕೆಲುಬು. ಗಾಳಿಗೆ ಬಾಗಿ ಬೆಳೆದ ಮರವೇ ಗಾಳಿಯಲ್ಲಿ ಓಡುವ ದೋಣಿಯಾಗುತ್ತದೆ! ಕಡಲು ಮತ್ತು ಗುಡ್ಡ ಎರಡನ್ನೂ ಓದಬಲ್ಲವನಿಗೆ ಮಾತ್ರ ಒಲಿಯುವ ವಿದ್ಯೆ ಇದು.

ದೋಣಿ ನೀರಿಗಿಳಿಯುವ ದಿನ ಊರಿಗೆ ಊರೇ ದಡದಲ್ಲಿ. ಪಾದ್ರಿಯ ತೀರ್ಥವೂ ಆಗಬೇಕು, ಬಲಿಯ ರಕ್ತವೂ ಬೀಳಬೇಕು. ಒಂದು ಬದಿಯ ಆಸರೆಗಂಬಗಳನ್ನು ಕೊಡಲಿಯಿಂದ ಸ್ವಲ್ಪಸ್ವಲ್ಪವೇ ಕಡಿಯುತ್ತಾರೆ. ದೋಣಿ ನಿಧಾನಕ್ಕೆ ಮಗ್ಗುಲಾಗುತ್ತದೆ. ಆಮೇಲೆ ಹಗ್ಗ ಹಿಡಿದು, ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಎಲ್ಲರೂ ಸಮುದ್ರಕ್ಕೆ ಎಳೆಯುತ್ತಾರೆ.

ಈ ದೋಣಿಗಳೇ ಒಂದು ಕಾಲಕ್ಕೆ ದ್ವೀಪದಿಂದ ದ್ವೀಪಕ್ಕೆ ಸರಕು ಸಾಗಿಸುತ್ತಿದ್ದವು. ಆಮೇಲೆ ಉಕ್ಕಿನ ಹಡಗು, ಫೈಬರ್ ದೋಣಿ, ಎಂಜಿನ್ ಬಂದವು. ಬದುಕು ಅರಸಿ ಎಷ್ಟೋ ಮಂದಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೋ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೋ ಹೊರಟುಹೋದರು.

2023ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಂತೋಷ ಉಳಿದದ್ದು ಏಳೇ ತಿಂಗಳು. 2024ರ ಜುಲೈ 1ರಂದು ‘ಬೆರಿಲ್’ ಚಂಡಮಾರುತ ನೇರವಾಗಿ ಕ್ಯಾರಿಯಾಕೂ ಮೇಲೆಯೇ ಎರಗಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಮನೆಗಳು ಚಾವಣಿ ಕಳೆದುಕೊಂಡವು, ಕಾಂಡ್ಲಾ ಕಾಡು ನೆಲಕಚ್ಚಿತು. ಚಿತ್ರದಲ್ಲಿ ಕಂಡ ಆ ಹಸಿರನ್ನು ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಟ್ಟಿಗೆ ಸೇರಿಸಿದ್ದಷ್ಟೇ ಸಾಲದು. ಗುಡ್ಡದಲ್ಲಿ ಸೀಡರ್ ಸಸಿ ನೆಡಬೇಕು, ಹುಡುಗರ ಕೈಗೆ ಬಾಚಿ ಕೊಟ್ಟು ಅದಕ್ಕೆ ಕೂಲಿಯನ್ನೂ ಕೊಡಬೇಕು. ಗ್ರೆನಡಾ ಸರ್ಕಾರ, ಯುನೆಸ್ಕೋ ಎರಡೂ ಇದನ್ನು ಈಗಲೇ ಮಾಡಲಿ, ಕಣ್ಣಳತೆ ಬಲ್ಲವರು ಇನ್ನೂ ಇರುವಾಗಲೇ.