ಬೀದರಿನ ಥಂಡಿಗೆ ಹೊಲವೇ ಮದ್ದು

ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಸ್ವೆಟರು, ಮಫ್ಲರುಗಳು ನುಸಿಗುಳಿಗೆಯ ವಾಸನೆ ಹೊತ್ತು ಟ್ರಂಕಿನಿಂದ ಹೊರಬರುತ್ತವೆ. ಮಕ್ಕಳು ಒಳಗೆ ಹೋಗುತ್ತಾರೆ. ‘ಹೊರಗೆ ಹೋದರೆ ನೆಗಡಿಯಾಗುತ್ತದೆ, ಮಾರ್ಚಿನಲ್ಲಿ ಪರೀಕ್ಷೆ ಇದೆ, ಪುಸ್ತಕ ಹಿಡಿ’ ಎಂದು ಎಲ್ಲ ಅಪ್ಪ ಅಮ್ಮಂದಿರೂ ಹೇಳುತ್ತಾರೆ. ಮೇಷ್ಟರಾದ ನಾನೂ ಹೇಳುತ್ತಿದ್ದೆ. ಆ ಮಾತು ನಿಂತದ್ದು ಬೀದರ್ ಜಿಲ್ಲೆಗೆ ಹೋದ ಮೇಲೆ.

1998ರಲ್ಲಿ ಅಲ್ಲಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಹೋದೆ. ನಾನು ತಿಪಟೂರು ಕಡೆಯವನು. ಹೊರಡುವಾಗ ಬಂಧುಗಳೆಲ್ಲ ‘ಅದು ಬಿಸಿಲು ನಾಡು, ಮಣ್ಣಿನ ಹೂಜಿ ತಗೊಂಡು ಹೋಗು’ ಎಂದರೇ ಹೊರತು ಕಂಬಳಿಯ ಸುದ್ದಿ ಯಾರೂ ಎತ್ತಲಿಲ್ಲ. ಡಿಸೆಂಬರಿನಲ್ಲಿ ನನಗೆ ನಿಜ ಸಂಗತಿ ತಿಳಿಯಿತು. ಬೆಳಗಿನ ಆರು ಗಂಟೆಗೆ ಶಾಲೆಯ ಥರ್ಮಾಮೀಟರು ಅಂಗಳದಲ್ಲಿ 11 ಡಿಗ್ರಿ ತೋರಿಸುತ್ತಿತ್ತು. ಕೆಲವು ವರ್ಷ ಬೀದರಿನಲ್ಲಿ ಪಾದರಸ ಹತ್ತಕ್ಕಿಂತ ಕೆಳಗೂ ಇಳಿಯುತ್ತದೆ.

ಕಾರಣ ಕಷ್ಟದ್ದಲ್ಲ. ಬೀದರ್ ನಮ್ಮ ರಾಜ್ಯದ ಉತ್ತರದ ತುದಿ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿನ ಹಗಲು ಬೆಂಗಳೂರಿನ ಹಗಲಿಗಿಂತ ಹತ್ತಿರ ಹತ್ತಿರ 20 ನಿಮಿಷ ಚಿಕ್ಕದು. ಕಡಲು ದೂರ, ಗಾಳಿ ಒಣ, ಆಕಾಶ ನಿರ್ಮಲ. ಮೋಡವಿದ್ದರೆ ಅದು ನೆಲಕ್ಕೆ ಹೊದಿಕೆ ಇದ್ದಂತೆ. ಮೋಡವಿಲ್ಲದ ರಾತ್ರಿ ನೆಲ ತಾನು ಹಗಲೆಲ್ಲ ಕೂಡಿಟ್ಟ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬರಿಗೈಯಾಗಿ ಬೆಳಗು ಕಾಣುತ್ತದೆ. ಅದಕ್ಕೇ ಅಲ್ಲಿ ಮಧ್ಯಾಹ್ನ ಅಂಗಿ ಸಾಕು, ಮುಂಜಾನೆ ಕಂಬಳಿ ಬೇಕು.

ಇಷ್ಟೆಲ್ಲ ಗೊತ್ತಿದ್ದ ವಿಜ್ಞಾನ ಮೇಷ್ಟರು ಆ ಚಳಿಗಾಲದಲ್ಲಿ ಮಾಡಿದ್ದೇನು ಕೇಳಿ. ಸಂತೆಯಿಂದ ಒಂದು ಶೇಗಡಿ ತಂದೆ. ನಮ್ಮ ಕಡೆ ಅದನ್ನು ಅಗ್ಗಿಷ್ಟಿಕೆ ಎನ್ನುತ್ತೇವೆ. ಎರಡು ವರ್ಷದ ಮಗಳಿಗೆ ಚಳಿಯಾಗಬಾರದೆಂದು ಅದರ ತುಂಬ ಇದ್ದಿಲ ಕೆಂಡ ಮಾಡಿ, ಮಲಗುವ ಕೋಣೆಯಲ್ಲಿಟ್ಟು, ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿ ಬಾಗಿಲು ಹಾಕಿದೆ. ಕೋಣೆ ಬೆಚ್ಚಗಾಯಿತು. ಹಿತವಾದ ನಿದ್ರೆ ಬಂತು.

ನಡುರಾತ್ರಿ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ವಾಂತಿ ಬರುವಂತಿತ್ತು. ಏಳಲು ಹೋದರೆ ಕಾಲುಗಳು ನನ್ನವಲ್ಲ. ಹೆಂಡತಿಯನ್ನು ಕರೆದರೆ ಬರೀ ಹೂಂಗುಟ್ಟಿದಳು. ಮಗು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ತೆವಳಿಕೊಂಡು ಹೋಗಿ ಚಿಲಕ ತೆಗೆದದ್ದು ನೆನಪಿದೆ. ಸದ್ದಿಗೆ ಎದ್ದ ಪಕ್ಕದ ಮನೆಯ ಆಯಿ ಮಗುವನ್ನೆತ್ತಿ ಅಂಗಳಕ್ಕೆ ಓಡಿದರು. ಆ ಕೊರೆಯುವ ಗಾಳಿಯಲ್ಲಿ ಐದು ನಿಮಿಷವೋ ಹತ್ತು ನಿಮಿಷವೋ, ಮಗು ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಬೆಳಗಾಗುವ ಮೊದಲೇ ಜೀಪು ಮಾಡಿಸಿ ಡಾಕ್ಟರ ಬಳಿ ಹೋದೆವು. ಮೂವರೂ ಉಳಿದೆವು.

ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಸಾಲದೆ ಉರಿಯುವ ಇದ್ದಿಲು ಅದನ್ನು ಕೊಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹದಿನೈದು ದಿನದ ಹಿಂದಷ್ಟೇ ಇದನ್ನು ಹತ್ತನೇ ತರಗತಿಯ ಕರಿಹಲಗೆಯ ಮೇಲೆ ಬರೆದವನು ನಾನೇ! ಇಂದಿಗೂ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಇಂಥ ಸುದ್ದಿ ಓದಿದಾಗ ಕೈ ನಡುಗುತ್ತದೆ. ತಾಯಿತಂದೆಯರೇ, ಮಲಗುವ ಕೋಣೆಗೆ ಕೆಂಡ ಒಯ್ಯಬೇಡಿ. ಕಿಟಕಿ ಸ್ವಲ್ಪ ತೆರೆದಿದೆ ಎಂಬ ಧೈರ್ಯವೂ ಬೇಡ.

ಎರಡು ದಿನ ಬಿಟ್ಟು ಆಯಿ ಬಂದರು. “ಸರ, ಬಾಗಲಾ ಮುಚ್ಚಿ ಕೂತ್ರ ಥಂಡಿ ಹೋಗ್ತದೇನು? ನಾಳಿ ಎಳ್ಳಮಾಸಿ ಅದ. ಬಾಯಾರ್ನ, ಕೂಸಿನ್ನ ಕರ್ಕೊಂಡು ಹೊಲಕ್ಕ ಬರ್ರಿ.” ಹತ್ತನೇ ತರಗತಿಯಲ್ಲಿದ್ದ ಮೊಮ್ಮಗನನ್ನೂ ಕರೆದೊಯ್ಯುವ ಮಾತಾಡಿದರು. ಅವನ ತಂದೆ ನನ್ನ ಮುಖ ನೋಡಿದರು. “ಪರೀಕ್ಷಾ ಅದ, ಇಂವ ಮನ್ಯಾಗ ಓದ್ಲಿ. ನೀವರ ಹೇಳ್ರಿ ಸರ.” ನಾನು ಬಾಯಿ ತೆರೆಯುವ ಮೊದಲೇ ಆಯಿ, “ಸರಗೇನ್ ಕೇಳ್ತಿ? ಮೊನ್ನಿ ಅವ್ರ ಓದೇನು ಉಪಯೋಗಕ್ಕ ಬಂತು?” ಎಂದುಬಿಟ್ಟರು. ಉತ್ತರ ನನ್ನ ಬಳಿ ಇರಲಿಲ್ಲ. ಹುಡುಗ ಗಾಡಿ ಹತ್ತಿದ.

ಎಳ್ಳಮಾವಾಸ್ಯೆ ಮಾರ್ಗಶಿರ ಮಾಸದ ಅಮಾವಾಸ್ಯೆ. ಬೀದರ್, ಕಲಬುರಗಿ ಕಡೆ ಅಂದು ಊರು ಖಾಲಿ, ಹೊಲ ಭರ್ತಿ. ಕಪ್ಪು ನೆಲದಲ್ಲಿ ಆಳೆತ್ತರದ ಬಿಳಿಜೋಳ, ಮಧ್ಯೆ ಕುಸುಬೆ, ಮಗ್ಗುಲಿಗೆ ಕಡಲೆ. ಜೋಳದ ದಂಟನ್ನೇ ಕಟ್ಟಿ ಮಾಡಿದ ಪುಟ್ಟ ಗುಡಿಸಲಿನಲ್ಲಿ ಐದು ಕಲ್ಲಿಟ್ಟು ಪೂಜೆ. ಆಮೇಲೆ ಬೆಳೆಯ ಸುತ್ತ ನಡೆಯುತ್ತ ಅಡುಗೆಯ ಒಂದಿಷ್ಟನ್ನು ನೆಲಕ್ಕೆ ಎರಚುವ ಚರಗ. ಗರ್ಭಿಣಿಯಾದ ಭೂತಾಯಿಗೆ ಇದು ಬಯಕೆಯ ಊಟವಂತೆ.

ನಮಗೂ ಅಂಥ ಊಟವೇ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಮತ್ತೆ ಭಜ್ಜಿ. ಭಜ್ಜಿ ಎಂದರೆ ಬೆಂಗಳೂರಿನ ಬಜ್ಜಿ ಅಲ್ಲ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯದ ಸೊಪ್ಪು, ಹೊಲ ಕೊಟ್ಟದ್ದನ್ನೆಲ್ಲ ಹುಣಸೆಹುಳಿ, ಕಡಲೆಹಿಟ್ಟಿನೊಂದಿಗೆ ಕುದಿಸಿದ ಪಲ್ಯ. ಎಳ್ಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ಒಂದು ಗ್ರಾಮು ಎಣ್ಣೆ ಒಂದು ಗ್ರಾಮು ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಆಯಿಯ ಶೇಗಡಿ ಹೊಟ್ಟೆಯೊಳಗಿತ್ತು.

ಹುಡುಗ ನನ್ನನ್ನು ಕಡಲೆಯ ಹೊಲಕ್ಕೆ ಎಳೆದುಕೊಂಡು ಹೋದ. ಎಲೆ ನೆಕ್ಕಿ ನೋಡಿರೆಂದ. ಹುಳಿ! ಕಡಲೆಗಿಡದ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯೊಂದಿಗೆ ಅದನ್ನು ಹಿಂಡಿ ಹುಳಿ ತೆಗೆದಿಡುತ್ತಾರೆಂದು ಅವನೇ ಹೇಳಿದ. ನಾನು ಲಿಟ್ಮಸ್ ಕಾಗದವನ್ನೇ ನಂಬಿ ಆಮ್ಲದ ಪಾಠ ಮಾಡಿದ್ದೆ. ಹೊಲದ ಬಾವಿಯ ಮೇಲೆ ಬೆಳಗಿನ ಹೊತ್ತು ಹೊಗೆಯಾಡುತ್ತದೆ ಎಂದನಲ್ಲ, ಮರುದಿನವೇ ಥರ್ಮಾಮೀಟರು ಹಿಡಿದು ಹೋದೆವು. ಗಾಳಿ 11, ನೀರು 25. ಆಳದ ನೀರಿಗೆ ಚಳಿಗಾಲ, ಬೇಸಿಗೆ ಎರಡೂ ಅಷ್ಟಾಗಿ ಮುಟ್ಟುವುದಿಲ್ಲ. ವರ್ಷದ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ಬೀದರಿನ ನರಸಿಂಹ ಝರಣಿಯಲ್ಲಿ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವವರು ನೀರು ಬೆಚ್ಚಗಿತ್ತು ಎನ್ನುವುದೂ ಇದೇ ಲೆಕ್ಕ.

ಅಂದು ಮರಳುವಾಗ ಕತ್ತಲಾಗಿತ್ತು. ಅಮಾವಾಸ್ಯೆ, ಚಂದ್ರನ ಕಾಟವಿಲ್ಲ. ಗಾಡಿಯ ಹುಲ್ಲಿನಲ್ಲಿ ಮಲಗಿ ನೋಡಿದರೆ ಪೂರ್ವದಲ್ಲಿ ಮಹಾವ್ಯಾಧ ಏಳುತ್ತಿದ್ದ, ಸೊಂಟದ ಮೂರು ಚುಕ್ಕಿ ನೆಟ್ಟಗೆ ನಿಂತಿದ್ದವು. ಕೆಂಪಗಿನ ಆರ್ದ್ರಾ, ನೀಲಿ ಬಿಳುಪಿನ ರೈಜೆಲ್ ತೋರಿಸಿ ಯಾವುದು ಹೆಚ್ಚು ಬಿಸಿ ಎಂದು ಕೇಳಿದೆ. ಹುಡುಗ ಕೆಂಡ ನೋಡಿದವನು, ಕೆಂಪೇ ಎಂದ. ತಪ್ಪು; ನೀಲಿಯದೇ ಹೆಚ್ಚು ಬಿಸಿ. ಅದಕ್ಕೆ ಸೇಡೆಂಬಂತೆ ಅವನೊಂದು ಪ್ರಶ್ನೆ ಹಾಕಿದ: “ಥಂಡ್ಯಾಗ ಸೂರ್ಯಾ ದೂರ ಹೋಗ್ತಾನೇನ್ರಿ ಸರ?” ಇಲ್ಲ. ಜನವರಿಯ ಮೊದಲ ವಾರದಲ್ಲಿ ನಾವು ಅವನಿಗೆ ಅತ್ಯಂತ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರು, ಜುಲೈಯಲ್ಲಿ 15.2 ಕೋಟಿ. ಚಳಿ ಬರುವುದು ಭೂಮಿಯ ಅಕ್ಷದ ಓರೆಯಿಂದ. ಗಾಡಿ ನಡೆಸುತ್ತಿದ್ದ ಅವನ ತಂದೆ ಎತ್ತು ನಿಲ್ಲಿಸಿ, “ಇನ್ನೊಮ್ಮಿ ಹೇಳ್ರಿ” ಎಂದರು. ಗಾಡಿಯ ಮೂಕಿಯ ಮೇಲೆ ಲಾಟೀನಿಟ್ಟು, ಅದರ ಸುತ್ತ ಬಾರೆಹಣ್ಣೊಂದನ್ನು ಓರೆಯಾಗಿ ತಿರುಗಿಸಿ ತೋರಿಸಿದೆ. ಮನೆ ಸೇರುವುದು ತಡವಾಯಿತು. ಪರೀಕ್ಷೆಯ ಮಾತು ಅಂದು ಮತ್ತೆ ಬರಲಿಲ್ಲ.

2017ರಲ್ಲಿ ಬೀದರ್‌–ಕಲಬುರಗಿ ರೈಲುಮಾರ್ಗ ಆದ ಮೇಲೆ ದಕ್ಷಿಣದವರಿಗೆ ಅಲ್ಲಿಗೆ ಹೋಗುವುದು ಹಗುರವಾಗಿದೆ. ಹೋಗುವವರು ಜನವರಿಯಲ್ಲಿ ಹೋಗಿ, ಬೆಳಗಿನ ಜಾವವೇ ಏಳಿ. ಕೋಟೆ ಇರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಅಲ್ಲಿಂದ ಕೆಳಗೆ ನೋಡಿದರೆ ಹಳ್ಳಿಯ ಒಲೆಗಳ ಹೊಗೆ ಸ್ವಲ್ಪ ಮೇಲೇರಿ, ಮುಂದೆ ಏರಲಾರದೆ ಚಾಪೆಯಂತೆ ಹಾಸಿಕೊಂಡಿರುತ್ತದೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ. ಉಷ್ಣತೆ ತಲೆಕೆಳಗಾದದ್ದನ್ನು ಪಠ್ಯಪುಸ್ತಕದ ಯಾವ ಚಿತ್ರವೂ ಇಷ್ಟು ಚೆನ್ನಾಗಿ ತೋರಿಸದು. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದ್ರಸಾದ ಗೋಡೆಯ ಹೆಂಚುಗಳು ಎಳೆಬಿಸಿಲಿಗೆ ಹೊಳೆಯುವುದನ್ನೂ ನೋಡಿ. ಆಮೇಲೆ ಯಾರಾದರೂ ಹೊಲಕ್ಕೆ ಕರೆದರೆ ಎರಡನೇ ಮಾತಿಲ್ಲದೆ ಹೋಗಿ.

ನಾವು ಕಳೆದ ಸಲ ಹೋದದ್ದು ಸಂಕ್ರಾಂತಿಯ ಹೊತ್ತಿಗೆ, ಸೀತನಿಯ ಕಾಲ. ಹಾಲುದುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲದೊಂದಿಗೆ ತಿನ್ನುವುದು. ಕಾಳಿನ ಸಕ್ಕರೆ ಪಿಷ್ಟವಾಗುವ ಮುಂಚಿನ ಕೆಲವೇ ದಿನ ಈ ಸಿಹಿ. ಆಯಿ ಈಗಿಲ್ಲ. ಅಂದಿನ ಹುಡುಗನೇ ಕೆಂಡದ ಮುಂದೆ ಕುಳಿತು ತೆನೆ ಸುಡುತ್ತಿದ್ದ. ಅಂದು ಅಂಗಳದಲ್ಲಿ ಅತ್ತಿದ್ದ ನನ್ನ ಮಗಳು ತನ್ನ ಮೂರು ವರ್ಷದ ಕೂಸಿಗೆ ಟೋಪಿ, ಅದರ ಮೇಲೆ ಮಫ್ಲರು ಸುತ್ತಿ, “ಅಪ್ಪಾ, ಥಂಡಿ ಗಾಳಿ, ಕಾರಿನೊಳಗೆ ಕೂರಿಸಲಾ?” ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಕೂಸು ಟೋಪಿ ಕಿತ್ತೆಸೆದು, ಮೂಗಿನ ತುದಿಗೆಲ್ಲ ಮಸಿ ಬಳಿದುಕೊಂಡು, ಎರಡೂ ಕೈ ಚಾಚಿ ಇನ್ನೊಂದು ತೆನೆ ಕೇಳುತ್ತಿತ್ತು.